ಸ್ಕೂಟರ್‌ಗೆ ಇಟ್ಟ ನಿಂಬೆಹಣ್ಣು

ಆಯುಧಪೂಜೆಯ ದಿನ ಬೀದಿಯಲ್ಲಿ ಚಕ್ರಕ್ಕೆ ಸಿಕ್ಕಿ ಜಜ್ಜಿದ ನಿಂಬೆಹಣ್ಣಿನ ವಾಸನೆ ಬಂದರೆ ನಾನು ಈಗಲೂ ಮೂಗು ಮುಚ್ಚಿಕೊಂಡು ಬೇಗ ದಾಟಿಬಿಡುತ್ತೇನೆ.

ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ನರಗಳ ಕಾಯಿಲೆ ಮೊದಲು ಅವರ ಕಾಲು ಹಿಡಿಯಿತು, ಆಮೇಲೆ ಕೈಬೆರಳು. ಆ ವರ್ಷ ಹಬ್ಬದ ಹೊತ್ತಿಗೆ ಮನೆಗೆ ವೀಲ್‌ಚೇರ್ ಬಂದಿತ್ತು. ಮಧ್ಯಾಹ್ನ ಅಮ್ಮ ಅಪ್ಪನ ಸ್ಕೂಟರ್ ತೊಳೆದು, ಚೆಂಡುಹೂವಿನ ಹಾರ ಹಾಕಿ, ಮುಂದಿನ ಚಕ್ರದ ಎದುರು ಒಂದು ನಿಂಬೆಹಣ್ಣು ಇಟ್ಟಳು. ಉಳಿದ ಹೂವನ್ನು ವೀಲ್‌ಚೇರಿನ ಹಿಡಿಗೆ ಸಿಕ್ಕಿಸಲು ಹೋದಳು.

"ಅದಕ್ಕೆ ಬೇಡ," ಅಪ್ಪ ಗದರಿದರು. "ಸಂಕ್ರಾಂತಿ ಹೊತ್ತಿಗೆ ವಾಪಸ್ ಕೊಡೋ ಸಾಮಾನು ಅದು."

"ಆಯ್ತು ಬಿಡ್ರೀ," ಎಂದು ಅಮ್ಮ ಹೂವನ್ನು ಸೆರಗಿಗೆ ಹಾಕಿಕೊಂಡಳು. ವೀಲ್‌ಚೇರನ್ನು ಅವಳು ಬಾಡಿಗೆಗೆ ತಂದಿರಲಿಲ್ಲ, ಕೊಂಡೇ ತಂದಿದ್ದಳು.

ಸ್ಕೂಟರ್‌ಗೆ ಕುಂಕುಮ ತಾವೇ ಇಡಬೇಕೆಂದು ಅಪ್ಪ ಹಟ ಹಿಡಿದರು. ಅವರ ಬೆರಳು ನೆಟ್ಟಗಾಗುತ್ತಿರಲಿಲ್ಲ. ಬಟ್ಟಲನ್ನು ನಾನು ಹಿಡಿದುಕೊಂಡಿದ್ದೆ. ಅಮ್ಮ ಅವರನ್ನು ಹತ್ತಿರಕ್ಕೆ ತಳ್ಳಿದಾಗ ವೀಲ್‌ಚೇರಿನ ದೊಡ್ಡ ಗಾಲಿ ನಿಂಬೆಹಣ್ಣಿನ ಮೇಲೇ ಹತ್ತಿತು. ಹಣ್ಣು ಪಚಕ್ಕನೆ ಒಡೆದು ರಸ ನನ್ನ ಕಾಲಿಗೆ ಸಿಡಿಯಿತು. ಮೂವರೂ ಅದನ್ನೇ ನೋಡಿದೆವು.

"ಸ್ಕೂಟರ್‌ಗೆ ಬೇರೆ ಇಡು," ಎಂದರು ಅಪ್ಪ. "ನಾನೇ ಹತ್ತಿಸ್ತೀನಿ."

ಅಮ್ಮ ಬೇರೆ ಇಟ್ಟಳು. ಅದು ಕಪ್ಪಗೆ ಒಣಗಿ ಗೋಲಿಯಂತಾದ ಮೇಲೂ ಅವಳು ದಿನಾ ಬೆಳಿಗ್ಗೆ ಅದನ್ನು ಕದಲಿಸದೆ ಸುತ್ತಲೂ ಗುಡಿಸುತ್ತಿದ್ದಳು.