ಐವತ್ತಕ್ಕೆ ಒಂದು ಕಡಿಮೆ

“ಮಕ್ಕಳ ವಿಷಯದಲ್ಲಿ ನಾವು ನಿಮ್ಮನ್ನ ನೋಡೇ ನಡೆಯೋದು, ಮೇಡಂ,” ಎಂದ ದರ್ಜಿ. ಮಾತಾಡುತ್ತಲೇ ಹೊಲಿಯುತ್ತಿದ್ದ ಕಂದು ಯೂನಿಫಾರಂ ಮಡಿಚಿ ಮೇಜಿನ ಕೆಳಕ್ಕೆ ತಳ್ಳಿದ.

ಕಂದು ಬಣ್ಣ ಹೆದ್ದಾರಿ ಪಕ್ಕದ ಹೊಸ ಖಾಸಗಿ ಶಾಲೆಯದು. ಮುಖ್ಯೋಪಾಧ್ಯಾಯಿನಿಗೆ ಮೈ ಉರಿಯಿತು.

“ನನ್ನನ್ನ ನೋಡಿ ನಡೆಯೋರು ಮಗಳ ಟಿ.ಸಿ. ಯಾಕಪ್ಪಾ ತಗೊಂಡ್ರಿ? ನನ್ನ ಮಗಳೂ ನಮ್ಮ ಶಾಲೇಲೇ ಓದ್ತಿಲ್ವಾ? ಈ ಸಲ ಹತ್ತನೇ ಕ್ಲಾಸು!”

ದರ್ಜಿ ಹೆಂಡತಿಯ ಮುಖ ನೋಡಿದ. ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಆಗಲೇ ಸೂಜಿಯಲ್ಲಿತ್ತು.

ಸರ್ಕಾರಿ ಪ್ರೌಢಶಾಲೆ; ಐವತ್ತು ಮಕ್ಕಳಿಲ್ಲದಿದ್ದರೆ ಬೀಗ. ರಜೆ ಇನ್ನೂ ಮುಗಿದಿಲ್ಲ, ನಾಳೆಯೇ ಲೆಕ್ಕ ಕಳಿಸಬೇಕು. ರಜೆ ಶುರುವಾದಾಗ, ಹೊಸದಾಗಿ ಸೇರಿದವರನ್ನೂ ಹಿಡಿದು, ಐವತ್ತೇಳು ಮಂದಿ ಇದ್ದರು. ಈಗ ಶಾಲೆಯ ಬಾಗಿಲ ಪಕ್ಕದ ಹಲಗೆಯಲ್ಲಿ ಹುಡುಗರು ಇಪ್ಪತ್ತೇಳು, ಹುಡುಗಿಯರು ಇಪ್ಪತ್ತೆರಡು. ಬಿಟ್ಟುಹೋದ ಎಂಟರಲ್ಲಿ ಏಳು ಮನೆ ಸುತ್ತಿದ್ದಾಯಿತು. ಎಲ್ಲರದೂ ಒಂದೇ ರಾಗ, ಒಂದೇ ಮುಸಿನಗು. ಎಂಟನೆಯದು ಯಾರ ಮನೆಯೆಂದು ಗುಮಾಸ್ತರು ಬಾಯಿ ಬಿಡುತ್ತಿರಲಿಲ್ಲ.

ಅಲ್ಲೇ ಅನುಮಾನ ಬಿದ್ದದ್ದು. ಗುಮಾಸ್ತರು ತಂದಿಟ್ಟ ಕಾಗದದ ಕಂತೆಗೆ, ಫೋನಿನಲ್ಲಿ ಮಾತಾಡುತ್ತಲೇ, ಓದದೆ ಹಸಿರು ಶಾಯಿಯಲ್ಲಿ ಸಹಿ ಗೀಚುವುದು ಮುಖ್ಯೋಪಾಧ್ಯಾಯಿನಿಯ ರೂಢಿ. ಇಪ್ಪತ್ತು ವರ್ಷದ ನಂಬಿಕೆ!

ಶಾಲೆಗೆ ಬಂದವರೇ ಗುಮಾಸ್ತರ ಮೇಜಿಗೆ ಕೈ ಊರಿದರು. “ಆ ಶಾಲೆಯವರು ನಿಮಗೆ ಏನು ಕೊಡ್ತೀವಿ ಅಂದಿದಾರೆ?”

ಗುಮಾಸ್ತರ ಕನ್ನಡಕ ಮೂಗಿನ ತುದಿಗೆ ಜಾರಿತು. “ಇಂಥಾ ಮಾತು ಆಡಬೇಡಿ, ಮೇಡಂ. ನನ್ನ ಕೆಲಸವೂ ಈ ಶಾಲೆ ಜೊತೇಲೇ ಹೋಗತ್ತೆ.”

“ಹಾಗಾದ್ರೆ ಎಂಟನೆಯವರನ್ನ ಯಾಕೆ ಮುಚ್ಚಿಡ್ತಿದೀರಿ? ಅವರೊಬ್ಬರು ವಾಪಸ್ ಬಂದ್ರೆ ಐವತ್ತಾಗತ್ತೆ! ಕಾಲಿಗೆ ಬಿದ್ದಾದ್ರೂ ಕರ್ಕೊಂಬರ್ತೀನಿ.”

“ಅವರು ಎಂಟನೆಯವರಲ್ಲ, ಮೇಡಂ. ಟಿ.ಸಿ. ಕೇಳ್ಕೊಂಡು ಎಲ್ಲರಿಗಿಂತ ಮೊದಲು ಬಂದೋರು. ಅವರು ಹೋದ್ರು ಅಂತ್ಲೇ ಉಳಿದೋರೂ ಹೋದದ್ದು.” ಗುಮಾಸ್ತರ ದನಿ ಇಳಿಯಿತು. “‘ಮೇಡಂಗೆ ನಾನೇ ಹೇಳ್ತೀನಿ, ನೀವು ಸುಮ್ನಿರಿ’ ಅಂದಿದ್ರು. ಇನ್ನೂ ಹೇಳಿಲ್ವಾ?”

“ಯಾರು? ಪುಸ್ತಕ ತೆಗೀರಿ!”

ಗುಮಾಸ್ತರು ಟಿ.ಸಿ. ಪುಸ್ತಕ ಬಿಡಿಸಿ, ಮೊದಲ ಹಾಳೆಯನ್ನು ಅವರತ್ತ ತಿರುಗಿಸಿ, ತಾವು ಕಿಟಕಿಯ ಕಡೆ ಮುಖ ಮಾಡಿದರು.

ವಿದ್ಯಾರ್ಥಿನಿಯ ವಿಳಾಸ ಮುಖ್ಯೋಪಾಧ್ಯಾಯಿನಿಯ ಮನೆಯದೇ. ಟಿ.ಸಿ. ಪಡೆದುಕೊಂಡ ತಂದೆಯ ಸಹಿ ಅವರ ಗಂಡನದು. ಅದರ ಕೆಳಗೆ, ಹಸಿರು ಶಾಯಿಯಲ್ಲಿ, ಅವರದೇ ಗೀಚು.