ಮಾಲೀಕರ ಕಾರು

ಕೊಳ್ಳೇಗಾಲದ ಬಸ್ಸಿನಲ್ಲಿ ಪಕ್ಕದವರ ಸೀರೆಯಿಂದ ಬೇಯಿಸಿದ ರೇಷ್ಮೆಗೂಡಿನ ವಾಸನೆ ಬಂದರೆ ಇವತ್ತಿಗೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ನೂಲು ತೆಗೆಯುತ್ತಿದ್ದ ಶೆಡ್ಡಿಗೆ ಕಿಟಕಿಯೇ ಇರಲಿಲ್ಲ. ಹಬೆ ಹೋಗಲು ಕಿಟಕಿ ಬೇಕೆಂದು ಹೆಂಗಸರು ಒಮ್ಮೆ ಮುಷ್ಕರ ಕೂತಿದ್ದರು. ಆಗ ಸಂಘದ ಮುಖಂಡರು ಅವರಿಗೆ ಹೇಳಿಕೊಟ್ಟಿದ್ದು ಇಷ್ಟೇ: "ಕೂಗ್ಬ್ಯಾಡಿ, ಕಲ್ಲೆಸೀಬ್ಯಾಡಿ. ಮಾಲೀಕ್ರ ಕಾರು ಬಂದೇಟ್ಗೆ ಬೆನ್ನು ತಿರುಗ್ಸ್ಕಂಡು ಕೂತ್ಕಳಿ."

ಅವ್ವನನ್ನು ಆ ಮುಖಂಡರು ಅಕ್ಕಾ ಅನ್ನುತ್ತಿದ್ದರು, ನಾನು ಅವರನ್ನು ಮಾವ ಅನ್ನುತ್ತಿದ್ದೆ. ನಮ್ಮ ಜಗಲಿಯಲ್ಲೇ ಮುದ್ದೆ ಉಂಡು ಮಲಗುತ್ತಿದ್ದರು. ಆಮೇಲೆ ಅವರು ಚುನಾವಣೆಗೆ ನಿಂತಾಗ ಅವ್ವ ಹನೂರಿನ ತನಕ ನಡೆದು ಓಟು ಕೇಳಿದಳು. ಗೆದ್ದರು. ಕಿಟಕಿ ಬರಲಿಲ್ಲ.

ಆ ಮಧ್ಯಾಹ್ನ ನಾನು ಬುತ್ತಿ ತಂದಿದ್ದೆ. ಅವ್ವ ಅಂಗಳದ ಹೊಂಗೆ ಮರದಡಿ ಕೂತು ಉಣ್ಣುತ್ತಿದ್ದಳು. ಬಿಸಿನೀರಿನಲ್ಲಿ ನೆನೆದೂ ನೆನೆದೂ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮಾಲೀಕರ ಕಾರು ಬಂತು. ಅದರಿಂದ ಹಾರ ಹಾಕಿಕೊಂಡ ಮಾವ ಇಳಿದರು. ಉಳಿದ ಹೆಂಗಸರು ಗಡಿಬಿಡಿಯಿಂದ ಎದ್ದು ನಿಂತರು. ಅವ್ವ ತಟ್ಟೆ ಎತ್ತಿಕೊಂಡು, ಸುಮ್ಮನೆ ಬೆನ್ನು ತಿರುಗಿಸಿ ಕೂತಳು.

ಮಾವ ಹತ್ತಿರ ಬಂದು ಬಗ್ಗಿದರು. "ಅಕ್ಕಾ, ನಾನು ಕಣಕ್ಕಾ."

"ಗೊತ್ತು ಕಣಪ್ಪ. ನೀನೇ ಅಲ್ವಾ ಯೋಳ್ಕೊಟ್ಟಿದ್ದು," ಎಂದು ಅವ್ವ ಮುದ್ದೆ ಮುರಿದಳು.