ಇಥೆಲ್‌ನ ಜೇಬು

ಅಂದು ಹಳ್ಳಿಯ ಚರ್ಚಿನಲ್ಲಿ ಪ್ಲಗಾಯ್ನ್, ಕ್ರಿಸ್‌ಮಸ್ ಹಾಡುಗಳ ಸಂಜೆ. ಪಾದ್ರಿ ಪ್ರಾರ್ಥನೆ ಮುಗಿಸಿ, "ಪ್ಲಗಾಯ್ನ್ ಇನ್ನು ನಿಮ್ಮದು" ಎಂದು ಕುಳಿತದ್ದೇ ತಡ, ಟೆಗ್ವೆನ್‌ಳ ಕಣ್ಣು ಪಕ್ಕದ ಹೊಲದ ಇಥೆಲ್‌ನ ಕೋಟಿನ ಜೇಬಿಗೆ ಅಂಟಿಕೊಂಡಿತು. ಮುದುಕ ಅದರೊಳಗೆ ಕೈಯಿಟ್ಟು ಏನನ್ನೋ ತಡಕುತ್ತಿದ್ದ. ಪ್ರತಿವರ್ಷ ಹಿಂದಿನ ಸಾಲಿನಲ್ಲಿ ಕೂತು ಹಾಡು ಕೇಳಿ ಹೋಗುವವನು ಈ ಸಲ ಮುಂದೆ ಬಂದು ಕೂತಿದ್ದ.

"ನೋಡೋ ಇಡ್ವಾಲ್," ಎಂದು ತಮ್ಮನ ಪಕ್ಕೆ ತಿವಿದಳು. "ಅಪ್ಪನ ಶ್ರುತಿಕವೆ ಅದೇ ಜೇಬಲ್ಲಿದೆ. ಬೇಕಾದ್ರೆ ಬರೆದಿಟ್ಕೋ."

"ಸುಮ್ನಿರಕ್ಕಾ. ಮೂಗು ಒರೆಸ್ಕೊಳ್ಳೋಕೆ ಕರ್ಚೀಫು ಹುಡುಕ್ತಿದಾನೆ, ಅಷ್ಟೆ."

ಸುಮ್ಮನಿರುವುದು ಹೇಗೆ? ಅಪ್ಪ ಮೊಣಕಾಲಿಗೆ ತಟ್ಟಿ, ಕಿವಿಗೆ ಹಿಡಿದು ಶ್ರುತಿ ನೋಡುತ್ತಿದ್ದ ಆ ಉಕ್ಕಿನ ಕವೆ, ಇಥೆಲ್ ಕೊನೆಯ ಸಲ ಆಸ್ಪತ್ರೆಗೆ ಬಂದು ಹೋದ ದಿನವೇ ತಲೆದಿಂಬಿನ ಪಕ್ಕದಿಂದ ಮಾಯವಾಗಿತ್ತು. ಆಮೇಲೆ ಅಪ್ಪನೂ ಹೋದ. ಅದಾದ ಮೇಲೊಂದು ದಿನ ಕುರಿಸಂತೆಯಲ್ಲಿ ಇಥೆಲ್ ಬೇಲಿಗೆ ಒರಗಿ ಅವರ ಮನೆಯ ಹಾಡನ್ನೇ ಗುನುಗುತ್ತಿದ್ದುದನ್ನು ಅವಳು ಕಿವಿಯಾರೆ ಕೇಳಿದ್ದಳು. ಮುತ್ತಜ್ಜನ ಕಾಲದಿಂದ ಅವರ ಮನೆಯವರಲ್ಲದೆ ಬೇರೆ ಯಾರೂ ಹಾಡದ ಹಾಡು! ಹೊಲದ ಗಡಿಗೋಡೆಗಾಗಿ ಅಪ್ಪನ ಜೊತೆ ಜಗಳವಾಡಿ ಸೋತವನಿಗೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಬೇಕೆ? ಪ್ಲಗಾಯ್ನ್‌ನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಮನಸ್ಸು ಬಂದವರು ಎದ್ದು ಮುಂದೆ ಹೋಗಿ ಹಾಡುತ್ತಾರೆ. ಆದರೆ ಒಮ್ಮೆ ಹಾಡಿದ ಹಾಡನ್ನು ಆ ಸಂಜೆ ಮತ್ತೆ ಯಾರೂ ಹಾಡುವಂತಿಲ್ಲ. ಅವನು ಮೊದಲು ಬಾಯಿ ತೆರೆದರೆ, ಅಪ್ಪನಿಲ್ಲದ ಮೊದಲ ವರ್ಷವೇ ಅಪ್ಪನ ಹಾಡೂ ಇಲ್ಲದೆ ಮನೆಗೆ ಹೋಗಬೇಕು.

ಮೊದಲು ಎದ್ದಿದ್ದ ಬೇರೊಂದು ಮನೆಯ ಅಣ್ಣತಮ್ಮಂದಿರು ಹಾಡಿ ಮರಳುತ್ತಿದ್ದರು. ಇಥೆಲ್ ಎದ್ದ. ಮೇಣದಬತ್ತಿಯ ಬೆಳಕಿಗೆ ಅವನ ಕೈಯಲ್ಲಿ ಉಕ್ಕು ಮಿಂಚಿತು. ಅದೇ ಕವೆ! ಅವಳ ಕಡೆ ತಿರುಗಿ ನೋಡುವ ಧೈರ್ಯ ಬೇರೆ.

ಟೆಗ್ವೆನ್ ತಮ್ಮನ ತೋಳು ಹಿಡಿದು ಎಳೆದಳು. "ಏಳೋ, ನಾವೇ ಹಾಡೋಣ!"

"ಅಕ್ಕಾ, ಮೂರು ದನಿಯ ಹಾಡು ಅದು. ಅಪ್ಪನ ದನಿ ಇಲ್ದೆ ಹೇಗೆ..."

"ಕಳ್ಳನ ಬಾಯಲ್ಲಿ ಕೇಳೋದಕ್ಕಿಂತ ವಾಸಿ. ನಡಿ!"

ಇಥೆಲ್‌ನನ್ನು ದಾಟಿಕೊಂಡೇ ಇಬ್ಬರೂ ಮುಂದೆ ಹೋಗಿ ಹಾಡಿದರು. ಮೇಲಿನ ಎರಡು ದನಿಗಳ ಅಡಿಯಲ್ಲಿ ಅಪ್ಪನ ಜಾಗ ಬರಿದಾಗಿತ್ತು. ಇಥೆಲ್ ಸಾಲುಗಳ ನಡುವೆ ನಿಂತವನು ನಿಂತೇ ಇದ್ದು, ಎರಡನೆಯ ಪದ್ಯ ಮುಗಿಯುವಷ್ಟರಲ್ಲಿ ಮೆಲ್ಲಗೆ ಕೂತುಬಿಟ್ಟ. ಟೆಗ್ವೆನ್ ಒಳಗೊಳಗೇ ಗೆದ್ದೆನೆಂದುಕೊಂಡಳು.

ಎಲ್ಲ ಮುಗಿದು, ಪಕ್ಕದ ಕೋಣೆಯಲ್ಲಿ ಚಹಾ, ಒಣದ್ರಾಕ್ಷಿಯ ಬ್ರೆಡ್ಡು ಹಂಚುವಾಗ ಅವನೆದುರು ಹೋಗಿ ನಿಂತಳು. "ಜೇಬಲ್ಲಿರೋದನ್ನ ಈಗಲಾದ್ರೂ ಹೊರಗೆ ತೆಗೀತೀರಾ?"

"ಕೊಡೋಕೇ ತಂದಿದ್ದೆ ತಾಯಿ. ನಿಮ್ಮ ಅಂಗಳಕ್ಕೂ ಬಂದಿದ್ದೆ, ನೀನು ನಾಯಿ ಬಿಟ್ಟೆ."

"ಕದ್ದಿದ್ದನ್ನ ವಾಪಸ್ ಕೊಡೋಕೆ ಬಂದಿದ್ರಾ?"

"ನಿಮ್ಮಪ್ಪನೇ ಕೊಟ್ಟಿದ್ದು. 'ನಾನು ಹೋದ್ರೆ ಮಕ್ಕಳಿಬ್ರೇ ಆಗ್ತಾರೆ, ಕೆಳಗಿನ ದನಿ ನೀನು ಹಿಡಿ' ಅಂತ ಹಾಸಿಗೇಲಿ ಮಲಗ್ಕೊಂಡೇ ಸಾಲು ಸಾಲಾಗಿ ಕಲಿಸ್ದ. ನನ್ನ ಗಂಟಲೋ, ದೇವರಿಗೇ ಪ್ರೀತಿ. ಸಂತೇಲಿ, ಕುರಿ ಮುಂದೆ, ಎಲ್ಲೆಂದರಲ್ಲಿ ಗುನುಗಿ ಕಲಿತೆ." ಇಥೆಲ್ ನಗಲು ನೋಡಿದ, ಆಗಲಿಲ್ಲ. "ಇವತ್ತು ನಿಮ್ಮ ಜೊತೆ ನಿಲ್ಲೋಣ ಅಂತ ಎದ್ದು ನಿನ್ನ ಕಡೆಗೇ ಬರ್ತಿದ್ದೆ. ಅಷ್ಟರಲ್ಲಿ ನೀವೇ ಹಾಡಿ ಮುಗಿಸಿಬಿಟ್ರಿ."

ಇಡ್ವಾಲ್ ತಲೆ ತಗ್ಗಿಸಿದ. ಇಥೆಲ್ ಕವೆಯನ್ನು ಟೆಗ್ವೆನ್‌ಳ ಅಂಗೈಯಲ್ಲಿಟ್ಟು, ಟೋಪಿ ಹಾಕಿಕೊಂಡು ಹೊರಟುಹೋದ. ಅವಳು ಅದನ್ನು ಅಪ್ಪನಂತೆಯೇ ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿದಳು.